ಅಕ್ಕನ ಸಾಲು

ಫೆಬ್ರವರಿ 3

ಅಪ್ಪಾ,

ಮೊದಲು ಕ್ಷೇಮ ಸಮಾಚಾರ ಬರೆದು ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರೆ "ಕೆಲಸವಿದ್ದಾಗ ಮಾತ್ರ ಇವಳಿಗೆ ಅಪ್ಪ ನೆನಪಾಗುತ್ತಾನೆ" ಅನ್ನುತ್ತೀರಿ. ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೆಲಸವಿದೆ. ನಿಮ್ಮ ಅಂಗಡಿಯ ಗಾಜಿನ ಕಿಟಕಿ ಬೇಕು.

ಫೋನ್ ಮಾಡಬಹುದಿತ್ತು. ಆದರೆ ಹೊಲಿಗೆ ಯಂತ್ರದ ಸದ್ದು ಕುಡಿದು ಕುಡಿದು ನಿಮ್ಮ ಕಿವಿಗೆ ನನ್ನ ಮಾತು ಅರ್ಧ ಕೇಳುವುದಿಲ್ಲ, ಕೇಳಿದ ಅರ್ಧಕ್ಕೆ ಜಗಳವಾಗುತ್ತದೆ. ಕಳೆದ ಸಲ ಆದದ್ದು ಸಾಕು.

ವಿಷಯ ಅಮ್ಮನ ಮುಸುಕಿನ ಜೋಳದ್ದು. ಹೆಸರು ಕೇಳಿದ ಕೂಡಲೇ ಕಾಗದ ಮಡಚಿ ಡ್ರಾಯರಿಗೆ ಹಾಕಬೇಡಿ. ಈ ಬೀಜಕೇಂದ್ರದಲ್ಲಿ ಅಮ್ಮ ಬದುಕಿಡೀ ಆರಿಸಿ ಆರಿಸಿ ಮಾಡಿದ ತಳಿಯಲ್ಲಿ ಒಂದು ದೋಷ ಅಡಗಿ ಕೂತಿದೆ. ಬಿತ್ತಿದ ಬೀಜಗಳಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಹಾಲಿನಷ್ಟು ಬೆಳ್ಳಗೆ ಬರುತ್ತದೆ. ಹಸಿರೇ ಇಲ್ಲದ ಮೇಲೆ ಅದು ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವುದು ಹೇಗೆ? ಬೀಜದಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಮುಗಿದ ಕೂಡಲೇ ಸಾಯುತ್ತದೆ. ಮೊದಲು ಅಪರೂಪವಾಗಿತ್ತು, ಈಗ ಹೆಚ್ಚಾಗಿದೆ. ಸಾಲಿನಲ್ಲಿ ತೂತು ಬೀಳುತ್ತಿದೆ ಎಂದು ಬೆಳೆಗಾರರು ದೂರುತ್ತಿದ್ದಾರೆ. ಇಲ್ಲಿಯ ಮುಖ್ಯಸ್ಥರು, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾರೆಂದು ಅಮ್ಮ 'ಗಡಿಯಾರ' ಎಂದು ಕರೆಯುತ್ತಿದ್ದಳಲ್ಲ ಅವರೇ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ಇದೊಂದು ಬೆಳೆ ನೋಡ್ತೀನಿ. ಆ ಬಿಳೀದು ಹೋಗ್ಲಿಲ್ಲ ಅಂದ್ರೆ ತಳೀನೇ ಕೈಬಿಡೋದು. ಆ ಹೊಲ ಬೇರೆಯವ್ರಿಗೆ ಬೇಕು."

ಅಮ್ಮನ ಜೋಳ ಉಳಿಯುವುದಕ್ಕೆ ಇರುವುದು ಈ ಒಂದೇ ಬೆಳೆ.

ಅಂಕಿ ಹಾಕಿದ ಮೂವತ್ತು ಪೊಟ್ಟಣ ಬೀಜ ಕಳಿಸುತ್ತಿದ್ದೇನೆ. ಒಂದೊಂದು ಪೊಟ್ಟಣ ಒಂದೊಂದು ಗಿಡದ್ದು. ಒಂದೊಂದಕ್ಕೆ ಒಂದು ತಟ್ಟೆ ಮಾಡಿ, ಮಣ್ಣು ತುಂಬಿ, ಎರಡು ಡಜನ್ ಬೀಜ ಊರಿ ಗಾಜಿನ ಬಳಿ ಇಡಬೇಕು. ಇಲ್ಲಿಯ ಗಾಜಿನಮನೆಯಲ್ಲಿ ನನಗೆ ಜಾಗ ಕೊಟ್ಟಿಲ್ಲ. ನನ್ನ ಕೋಣೆಯ ಕಿಟಕಿಗೆ ಕಾಣುವುದು ಎದುರು ಗೋಡೆ ಮಾತ್ರ. ಬೆಳಕಿಲ್ಲದಿದ್ದರೆ ಒಳ್ಳೆಯ ಮೊಳಕೆಯೂ ಬಿಳಿಚಿಕೊಂಡು ಯಾವುದು ಯಾವುದೋ ಗೊತ್ತಾಗುವುದಿಲ್ಲ. ನನಗೆ ಕೊನೆಗೆ ಬೇಕಾಗಿರುವುದು ಬಿಳಿಯದು ಒಂದೂ ಇಲ್ಲದ ತಟ್ಟೆಗಳು. ಅಂಥವು ಯಾವುವು ಎಂದು ಬರೆಯಿರಿ, ನಾನು ಇಲ್ಲಿ ಉಳಿಸಿಕೊಂಡಿರುವ ಅವುಗಳ ಬೀಜವನ್ನೇ ಹೊಲಕ್ಕೆ ಹಾಕುತ್ತೇನೆ.

ಕೆಂಪು ದಾರ ಕಟ್ಟಿದ ನಾಲ್ಕು ಪೊಟ್ಟಣ ಅಕ್ಕನ ಸಾಲಿನವು. ಅವನ್ನು ಜೋಪಾನ ಮಾಡಿ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ನಾನು ಹುಟ್ಟುವ ಹಿಂದಿನ ವರ್ಷ ಅಮ್ಮ ಹೊಲದಲ್ಲಿ ಆರಿಸಿದ ಗಿಡ, "ಇದೇ ನನ್ನ ಹಿರಿಮಗಳು" ಎಂದಳಂತೆ. ಒಬ್ಬಳೇ ಮಗಳಾಗಿಯೂ ನಾನು ಮನೆಯಲ್ಲಿ 'ಚಿಕ್ಕವಳು' ಆದೆ, ಜೋಳ ಅಕ್ಕ ಆಯಿತು. ಈ ಅನ್ಯಾಯ ನಾನಿನ್ನೂ ಮರೆತಿಲ್ಲ.

ನಿಮ್ಮ
ಚಿಕ್ಕವಳು


ಫೆಬ್ರವರಿ 11

ಮಗಳೇ,

ಪೊಟ್ಟಣಗಳು ಬಂದವು. ಜೊತೆಗೆ ಎರಡು ಸಾಲು "ಊಟ ಸರಿಯಾಗಿ ಮಾಡುತ್ತಿದ್ದೀರಾ" ಅಂತ ಬರೆದಿದ್ದರೆ ನಿನ್ನ ಪೆನ್ನೇನು ಸವೆದುಹೋಗುತ್ತಿರಲಿಲ್ಲ. ಮಾಡುತ್ತಿದ್ದೇನೆ. ಕೇಳದಿದ್ದರೂ ಹೇಳುತ್ತಿದ್ದೇನೆ.

ಹೋದ ಸಲ ನೀನು ಬಂದಾಗ "ಆ ಜೋಳ ನಿಮ್ಮಮ್ಮನನ್ನ ತಿಂದಾಯ್ತು, ಈಗ ನಿನ್ನ ಸರದಿ" ಅಂದಿದ್ದೆ. ಅಂದದ್ದು ಅಂದೆ. ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅವಳ ಜೋಳವನ್ನು ಆ ಗಡಿಯಾರದ ಮನುಷ್ಯ ಎತ್ತಿ ಎಸೆಯುವುದಕ್ಕೂ ನಾನು ಬಿಡುವುದಿಲ್ಲ. ಅದನ್ನು ಬೈಯುವ ಹಕ್ಕು ಇರುವುದು ನನಗೊಬ್ಬನಿಗೆ.

ಗಾಜಿನ ಹಿಂದೆ ಕೋಟು ತೊಟ್ಟು ನಿಂತಿದ್ದ ಬೊಂಬೆಯನ್ನು ಎತ್ತಿ ಒಳಗೆ ಇಸ್ತ್ರಿ ಮೇಜಿನ ಪಕ್ಕ ನಿಲ್ಲಿಸಿದ್ದೇನೆ. ಮೊದಲ ದಿನ ಎರಡು ಸಲ ಅದಕ್ಕೆ "ಬನ್ನಿ, ಕೂತ್ಕೊಳ್ಳಿ" ಅಂದೆ. ಪಕ್ಕದ ಔಷಧಿ ಅಂಗಡಿಯವನು ಮಾತ್ರೆ ತುಂಬಿ ಬಂದ ಚಪ್ಪಟೆ ಪೆಟ್ಟಿಗೆಗಳನ್ನು ಕೊಟ್ಟ. ಕೊಟ್ಟವನು ಸುಮ್ಮನೆ ಹೋಗಬೇಕಲ್ಲ! "ಏನಯ್ಯಾ, ಇನ್ಮೇಲೆ ಅಂಗಿ ಹೊಲಿಯಲ್ವಾ, ಬಿತ್ತಿ ಬೆಳೀತೀಯಾ?" ಅಂತ ಹೋಗಿ ಬರುವ ಗಿರಾಕಿಗಳ ಎದುರು ಒಂದೇ ಸಮನೆ ಕಾಲೆಳೆಯುತ್ತಿದ್ದಾನೆ.

ಟೇಪು ಹಿಡಿದು ಅಳತೆ ಮಾಡಿ ಬೀಜ ಊರಿದ್ದೇನೆ. ಒಂದು ಸಾಲು ಅತ್ತಿತ್ತ ಇಲ್ಲ. ಎಲ್ಲ ಪೊಟ್ಟಣಗಳಲ್ಲೂ ಎರಡು ಡಜನ್ ಮೇಲೆ ಒಂದಿಷ್ಟು ಹೆಚ್ಚೇ ಇದ್ದವು. ಅವನ್ನು ದಂಡ ಮಾಡಬಾರದು ಅಂತ ಒಟ್ಟಿಗೆ ಒಂದು ಬೋಗುಣಿಯಲ್ಲಿ ಹಾಕಿದ್ದೇನೆ. ಅಂಗಿ ಹೊಲಿಯುವವನು ಸ್ವಲ್ಪ ತುಂಡು ಬಟ್ಟೆ ಇಟ್ಟುಕೊಂಡಿರಬೇಕು.

ನಿನ್ನ
ಅಪ್ಪ


ಮಾರ್ಚ್ 2

ಮಗಳೇ,

ಸಿಹಿ ಸುದ್ದಿ. ಮೂವತ್ತು ತಟ್ಟೆಗೆ ಮೂವತ್ತೂ ಹಸಿರು! ಒಂದು ತಟ್ಟೆಯಲ್ಲೂ ಬಿಳಿಯದು ಇಲ್ಲ. ಎಣಿಸಿದರೆ ಪ್ರತಿ ತಟ್ಟೆಯಲ್ಲೂ ಸರಿಯಾಗಿ ಎರಡು ಡಜನ್. ಅಕ್ಕನ ನಾಲ್ಕು ತಟ್ಟೆಗಳನ್ನಂತೂ ನೋಡಬೇಕು, ಪಕ್ಕದವುಗಳಿಗಿಂತ ಒಂದು ಬೆರಳು ಎತ್ತರ, ಎಲೆ ಅಗಲ. ನಿಮ್ಮಮ್ಮನ ಕಣ್ಣು ಸುಳ್ಳಲ್ಲ.

ಅಳತೆ ಕೊಡಲು ಬಂದ ಶಾಲೆಯ ಮೇಡಂ ಒಬ್ಬರು ಅಂಗಿಯ ವಿಷಯ ಮರೆತು ತಟ್ಟೆ ನೋಡುತ್ತಾ ನಿಂತುಬಿಟ್ಟರು. "ಎಷ್ಟು ನೀಟಾಗಿ ಬೆಳೆಸಿದ್ದೀರಿ" ಅಂದರು. ನಿನ್ನ ಕೇಂದ್ರದವರು ಯಾರಾದರೂ ಬಂದು ನೋಡಿ ಕಲಿಯಲಿ.

ಇನ್ನು ಧೈರ್ಯವಾಗಿ ಬಿತ್ತು. ಗಡಿಯಾರಕ್ಕೆ ಹೇಳು, ಅವರ ಮುಳ್ಳು ನಿಂತಿತು ಅಂತ.

ನಿನ್ನ
ಅಪ್ಪ


ಮಾರ್ಚ್ 7

ಅಪ್ಪಾ,

ನಿಮ್ಮ ಕಾಗದ ಓದಿ ಕುರ್ಚಿಯಿಂದ ಎದ್ದು ಕುಣಿದೆ. ಆಮೇಲೆ ಮತ್ತೊಮ್ಮೆ ಓದಿದೆ. ಆಮೇಲೆ ಕೂತುಬಿಟ್ಟೆ.

ಇಷ್ಟು ವರ್ಷ ಇದೇ ಕೆಲಸ ಮಾಡುತ್ತಿರುವ ನಾನು ಹಾಕಿದ ಬೀಜವೆಲ್ಲ ಹುಟ್ಟಿದ್ದನ್ನು ಒಮ್ಮೆಯೂ ಕಂಡಿಲ್ಲ. ಒಂದೆರಡಾದರೂ ಕೈಕೊಡುತ್ತವೆ. ನಿಮ್ಮ ಮೂವತ್ತು ತಟ್ಟೆಯಲ್ಲೂ ಎರಡು ಡಜನ್ ಲೆಕ್ಕ ತಪ್ಪಲಿಲ್ಲ. ಹೊಲದಲ್ಲಿ ಎದ್ದು ಕಾಣುವಷ್ಟು ಇದ್ದ ಬಿಳಿ ನಿಮ್ಮ ಅಂಗಡಿಯಲ್ಲಿ ಹೆಸರಿಗೂ ಇಲ್ಲ. ಅಪ್ಪಾ, ನಿಜ ಹೇಳಿ. ಬಿಳಿಯದನ್ನು ಕಿತ್ತಿರಾ? ಕಿತ್ತ ಜಾಗಕ್ಕೆ ಬೋಗುಣಿಯಿಂದ ಹಸಿರು ತಂದು ನೆಟ್ಟಿರಾ?

ಹೌದೆಂದಾದರೆ ಬೈಯುವುದಿಲ್ಲ. ತಪ್ಪು ನನ್ನದು, ಅರ್ಧಂಬರ್ಧ ಬರೆದೆ. ಈಗ ಪೂರ್ತಿ ಬರೆಯುತ್ತೇನೆ, ಕೇಳಿ.

ಬಿಳಿ ಮೊಳಕೆ ತಾನಾಗಿಯೇ ಸಾಯುತ್ತದೆ, ಅದರಿಂದ ನನಗೆ ತೊಂದರೆಯೇ ಇಲ್ಲ. ತೊಂದರೆ ಇರುವುದು ಅದರ ತಾಯಿಯಲ್ಲಿ. ಪ್ರತಿಯೊಂದು ಗಿಡದಲ್ಲೂ ಒಂದೊಂದು ಗುಣ ಜೋಡಿಯಾಗಿರುತ್ತದೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಜೋಡಿಯಲ್ಲಿ ಒಂದು ಒಳ್ಳೆಯದಿದ್ದರೂ ಸಾಕು, ಗಿಡ ಹಚ್ಚಗೆ ನಿಲ್ಲುತ್ತದೆ. ಇನ್ನೊಂದು ಕೆಟ್ಟದಿದ್ದರೆ ಅದು ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ, ಹೊರಗಿನಿಂದ ನೋಡಿದರೆ ದೇವರಾಣೆ ಗೊತ್ತಾಗುವುದಿಲ್ಲ. ಎರಡೂ ಕೆಟ್ಟವು ಒಂದೇ ಬೀಜದಲ್ಲಿ ಸೇರಿದಾಗ ಮಾತ್ರ ಬಿಳಿ. ಅದಕ್ಕೇ ಹೋದ ಬೆಳೆಯಲ್ಲಿ ನಾನು ಮೂವತ್ತು ಗಿಡಗಳಿಗೆ ಚೀಲ ಕಟ್ಟಿ, ಅವುಗಳದೇ ಪರಾಗವನ್ನು ಅವುಗಳದೇ ತೆನೆಗೆ ಉದುರಿಸಿದ್ದು. ಒಳಗೆ ದೋಷ ಮುಚ್ಚಿಟ್ಟುಕೊಂಡ ಗಿಡವಾದರೆ ಅದರ ನಾಲ್ಕು ಮಕ್ಕಳಲ್ಲಿ ಒಂದು ಬೆಳ್ಳಗೆ ಹುಟ್ಟಿ ಗುಟ್ಟು ಬಯಲು ಮಾಡುತ್ತದೆ. ಒಂದು ತಟ್ಟೆಯಲ್ಲಿ ಬಿಳಿ ಕಂಡಿತೆಂದರೆ ಆ ಪೊಟ್ಟಣವನ್ನೇ, ಹಸಿರಿನ ಸಮೇತ, ಬಿಡಬೇಕು. ಬಿಳಿ ನನಗೆ ವೈರಿಯಲ್ಲ ಅಪ್ಪಾ, ಸಾಕ್ಷಿ. ನೀವು ಸಾಕ್ಷಿಯನ್ನೇ ಕಸದ ಬುಟ್ಟಿಗೆ ಹಾಕಿದಿರಿ!

ಪುಣ್ಯಕ್ಕೆ ಅದೇ ತೆನೆಗಳ ಬೀಜ ಇನ್ನೂ ಇದೆ. ಮತ್ತೆ ಕಳಿಸುತ್ತಿದ್ದೇನೆ. ಈ ಸಲ ಏನನ್ನೂ ಕೀಳಬೇಡಿ, ತುಂಬಬೇಡಿ, ಚೆಂದ ಮಾಡಬೇಡಿ. ಹೇಗೆ ಹುಟ್ಟುತ್ತದೋ ಹಾಗೆ ಬಿಡಿ. ಬಿತ್ತನೆಯ ಹೊತ್ತು ಹತ್ತಿರ ಬರುತ್ತಿದೆ. ಇನ್ನೊಮ್ಮೆ ತಪ್ಪಿದರೆ ಮೂರನೆಯ ಸಲಕ್ಕೆ ಸಮಯವಿಲ್ಲ.

ಊಟ ಸರಿಯಾಗಿ ಮಾಡುತ್ತಿದ್ದೀರಾ? ನೋಡಿ, ಕೇಳಿದೆ.

ನಿಮ್ಮ
ಚಿಕ್ಕವಳು


ಮಾರ್ಚ್ 13

ಮಗಳೇ,

ಕಿತ್ತೆ. ತುಂಬಿದೆ. ಗಿರಾಕಿ ಬಂದು "ಕಲೆ ಇಲ್ಲದ ಬಟ್ಟೆ ಬೇಕು" ಅಂದರೆ ನಾನು ಕಲೆ ತೆಗೆದು ಕೊಡುತ್ತೇನೆ. ಕಲೆ ಎಲ್ಲಿತ್ತು, ಎಷ್ಟಗಲ ಇತ್ತು ಅಂತ ಅವರಿಗೆ ವರದಿ ಒಪ್ಪಿಸುವುದಿಲ್ಲ. ನೀನು ಬಿಳಿ ಇಲ್ಲದ ತಟ್ಟೆ ಕೇಳಿದೆ, ಬಿಳಿ ಇಲ್ಲದ ತಟ್ಟೆ ಕೊಟ್ಟೆ. ಬದುಕಿನಲ್ಲಿ ಮೊದಲ ಸಲ ಹೊಲಿದದ್ದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಔಷಧಿ ಅಂಗಡಿಯವನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಬೀಜ ಮತ್ತೆ ಊರಿದ್ದೇನೆ. ಈ ಸಲ ನೀರು ಹಾಕುವುದು ಬಿಟ್ಟರೆ ಕೈ ಕಟ್ಟಿಕೊಂಡು ಕೂತಿದ್ದೇನೆ. ಅದಕ್ಕಿಂತ ಕಷ್ಟದ ಕೆಲಸ ನನಗೆ ಯಾರೂ ಹೇಳಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ಬಿಳಿಯ ಜೊತೆ ಹುಟ್ಟಿದ ಹಸಿರು ಗಿಡ ಚೆನ್ನಾಗಿಯೇ ಇದೆಯಲ್ಲ. ಅದೇನು ತಪ್ಪು ಮಾಡಿತು?

ಅಪ್ಪ


ಏಪ್ರಿಲ್ 8

ಅಪ್ಪಾ,

ಏನಾಯಿತು? ಮೊಳಕೆ ಬಂದು ಇಷ್ಟು ಹೊತ್ತಿಗೆ ಬಿಳಿ ಯಾವುದು ಹಸಿರು ಯಾವುದು ಎಂದು ಕುರುಡರಿಗೂ ಕಾಣಬೇಕು. ನಿಮ್ಮಿಂದ ಒಂದಕ್ಷರವಿಲ್ಲ. ನೆಗಡಿ ಜ್ವರ ಏನಾದರೂ ಇದೆಯೇ? ಔಷಧಿ ಅಂಗಡಿಗೆ ಫೋನ್ ಮಾಡಿದೆ. "ನಿಮ್ಮಪ್ಪ ಗುಂಡುಕಲ್ಲಿನ ಹಾಗೆ ಇದ್ದಾನಮ್ಮ, ದಿನವಿಡೀ ಆ ತಟ್ಟೆಗಳ ಮುಂದೆ ಕೂತಿರ್ತಾನೆ. ಮಾತಾಡ್ಸಿದ್ರೆ ಉರಿದುಬೀಳ್ತಾನೆ" ಅಂದರು.

ಇಲ್ಲಿ ಹೊಲ ಉತ್ತು ಹದ ಮಾಡಿ ಇಟ್ಟಿದ್ದೇನೆ. ಗಡಿಯಾರ ದಿನಾ ಬದುವಿನ ಮೇಲೆ ನಿಂತು ಕೈ ನೋಡಿಕೊಂಡು ಹೋಗುತ್ತಾರೆ. ಬೀಜ ಯಾವುದು ಹಾಕಬೇಕೆಂದು ನನಗೇ ಗೊತ್ತಿಲ್ಲದೆ ಅವರಿಗೇನು ಹೇಳಲಿ?

ನಿಮಗೆ ಏನು ಕಂಡಿದೆಯೋ ಅದನ್ನೇ ಬರೆಯಿರಿ. ನಾನು ಊಹಿಸಬಲ್ಲೆ. ಆದರೆ ಊಹೆಯಿಂದ ಬಿತ್ತಲು ಆಗುವುದಿಲ್ಲ.

ನಿಮ್ಮ
ಚಿಕ್ಕವಳು


ಏಪ್ರಿಲ್ 12

ಮಗಳೇ,

ಊಹಿಸಿದ್ದೀಯ ಅಂದಮೇಲೆ ಬರೆಯುತ್ತೇನೆ. ಹತ್ತೊಂಬತ್ತು ತಟ್ಟೆ ಚೊಕ್ಕ. ಹನ್ನೊಂದರಲ್ಲಿ ಬಿಳಿ ಇದೆ. ಅವುಗಳ ಅಂಕಿ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಕೆಂಪು ದಾರದ ನಾಲ್ಕೂ ಆ ಹನ್ನೊಂದರಲ್ಲಿವೆ.

ನಾಲ್ಕೂ.

ಗೊತ್ತಾಗಿ ಎರಡು ವಾರದ ಮೇಲಾಯಿತು. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಇವತ್ತಾದರೂ ಸ್ವಲ್ಪ ಹಸಿರು ಹತ್ತಿರಬಹುದು ಅಂತ ನೋಡುತ್ತಿದ್ದೆ. ಮೊದಲ ಸಲ ಕೀಳುವಾಗ ಅವುಗಳ ಮುಖವನ್ನೇ ನೋಡಿರಲಿಲ್ಲ. ಈ ಸಲ ನೋಡಿದೆ. ತೆಳ್ಳಗೆ, ಹೊಸ ಮಸ್ಲಿನ್ ಬಟ್ಟೆಯ ಹಾಗೆ, ಬೆಳಕು ಆಚೆ ಕಾಣುತ್ತದೆ. ಬದುಕುವ ಗಿಡಗಳ ಹಾಗೆಯೇ ನೆಟ್ಟಗೆ ಎದ್ದು ನಿಂತಿದ್ದವು. ಆಮೇಲೆ ತುದಿ ಬಾಡಿ, ಒಂದೊಂದಾಗಿ ಮಲಗಿದವು. ಕೀಳಬೇಡ ಅಂದೆಯಲ್ಲ, ಕೀಳಲಿಲ್ಲ.

ನಿಜ ಹೇಳಿಬಿಡುತ್ತೇನೆ. ಮೊನ್ನೆ ಒಂದು ಕಾಗದ ಬರೆದಿದ್ದೆ. ಕೆಂಪು ದಾರದಲ್ಲಿ ಮೂರಕ್ಕೆ ಮಾತ್ರ ಬಿಳಿ ಇದೆ, ಒಂದು ಚೊಕ್ಕ ಅಂತ. ಅಂಚೆ ಡಬ್ಬಿಯ ತನಕ ಹೋಗಿ ವಾಪಸು ಬಂದು ಹರಿದುಹಾಕಿದೆ. ಒಂದು ಸುಳ್ಳಿನಿಂದ ಅಕ್ಕ ಉಳಿದು, ಅವಳ ಹೊಲವೆಲ್ಲ ಮತ್ತೆ ತೂತು ಬಿದ್ದರೆ ನಿಮ್ಮಮ್ಮನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಅವಳಿಗೆ ಇದು ಗೊತ್ತಿತ್ತಾ?

ಇನ್ನೊಂದು. ಅಕ್ಕನದು ಒಂದೇ ಒಂದು ಸಾಲು ಹಾಕು. ಬೀಜಕ್ಕೆ ಬೇಡ, ಏತಕ್ಕೂ ಬೇಡ. ಹೊಲದಲ್ಲಿ ಒಂದು ಸಾಲು ಇರಲಿ. ಇಷ್ಟು ವರ್ಷ ಇದ್ದದ್ದು ಇದ್ದಕ್ಕಿದ್ದ ಹಾಗೆ ಇಲ್ಲ ಅಂದರೆ ನನಗೆ ಸಂಕಟವಾಗುತ್ತದೆ.

ನಿನ್ನ
ಅಪ್ಪ


ಏಪ್ರಿಲ್ 17

ಅಪ್ಪಾ,

ಹತ್ತೊಂಬತ್ತು! ಇಷ್ಟು ಉಳಿಯುತ್ತವೆಂದು ನನಗೆ ನಂಬಿಕೆಯೇ ಇರಲಿಲ್ಲ. ಅಮ್ಮನ ಜೋಳ ಬದುಕಿತು ಅಪ್ಪಾ. ಈ ಹತ್ತೊಂಬತ್ತರ ಒಳಗೆ ಆ ದೋಷ ಲವಲೇಶವೂ ಇಲ್ಲ. ಅವು ಒಂದಕ್ಕೊಂದು ಕೂಡಿ ಕೊಡುವ ಬೀಜದಲ್ಲೂ ಇರುವುದಿಲ್ಲ. ನೀವು ಹರಿದುಹಾಕಿದ ಕಾಗದ ಬಂದಿದ್ದರೆ ಈ ಮಾತನ್ನು ನಾನು ಬರೆಯುವ ಹಾಗಿರಲಿಲ್ಲ.

ಅಕ್ಕನ ವಿಷಯ. ಅವಳನ್ನು ತೆಗೆಯುವುದು ನನಗೆ ಖುಷಿಯೆಂದು ನೀವು ತಿಳಿದಿರಬಹುದು. ಸಣ್ಣವಳಿದ್ದಾಗ ನಿಜವಾಗಿಯೂ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ನನಗೆ ಜ್ವರ ಬಂದ ದಿನವೂ ಅಮ್ಮ "ಅಕ್ಕ ಹೂ ಬಿಡ್ತಿದ್ದಾಳೆ, ಒಂದು ಗಳಿಗೆ ನೋಡಿ ಬರ್ತೀನಿ" ಎಂದು ಹೋದವಳು. ಆದರೆ ನಿನ್ನೆ ಆ ನಾಲ್ಕು ಪೊಟ್ಟಣಗಳನ್ನು ಪಕ್ಕಕ್ಕೆ ಎತ್ತಿಟ್ಟಾಗ ಅತ್ತೆ. ಚೆನ್ನಾಗಿ ಅತ್ತೆ.

ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಿದಿರಿ. ತಳಿಯಲ್ಲಿ ಬಿಳಿ ಇದೆಯೆಂದು ಗೊತ್ತಿತ್ತು. ಅದು ಅಕ್ಕನ ಒಳಗಿದೆಯೇ ಎಂದು ಅವಳು ನೋಡಲು ಹೋಗಲಿಲ್ಲ. ಆ ದಪ್ಪ ತೆನೆ, ಅಗಲ ಎಲೆಯ ಗುಣದ ಪಕ್ಕದಲ್ಲೇ ಇದೂ ಅಂಟಿಕೊಂಡು ಕೂತಿದೆ ಅಂತ ಕಾಣುತ್ತದೆ. ಪ್ರತಿ ವರ್ಷ ಅವಳು ಚೆಂದದ್ದನ್ನು ಆರಿಸಿದಾಗ ಇದೂ ಸೆರಗು ಹಿಡಿದುಕೊಂಡು ಬಂದಿದೆ. ಎರಡನ್ನೂ ಬಿಡಿಸಬಹುದು, ಆದರೆ ಅದಕ್ಕೆ ಬೇಕಾದ ವರ್ಷಗಳನ್ನೂ ಹೊಲವನ್ನೂ ನನಗೆ ಯಾರೂ ಕೊಡುವುದಿಲ್ಲ.

ಹಸಿರು ಗಿಡ ಏನು ತಪ್ಪು ಮಾಡಿತು ಎಂದಿರಿ. ಏನೂ ಮಾಡಿಲ್ಲ. ಒಳ್ಳೆಯ ಗಿಡ. ಬೀಜಕ್ಕೆ ಬೇಡ, ಅಷ್ಟೇ.

ಒಂದು ಸಾಲು ಹಾಕಬೇಕೆಂದು ನನಗೂ ಆಸೆ. ಭಯ ಯಾವುದೆಂದರೆ, ಗಿಡದ ನೆತ್ತಿಯ ಮೇಲೆ ಬರುತ್ತದಲ್ಲ ಗಂಡು ಹೂವಿನ ಗೊಂಚಲು, ಸೂಲಂಗಿ, ಅದು ಒಡೆದರೆ ಪರಾಗ ಗಾಳಿಯಲ್ಲಿ ಹೊಲವೆಲ್ಲ ಹಾರಾಡುತ್ತದೆ. ಅಕ್ಕನ ಒಂದು ಸೂಲಂಗಿ ಒಡೆದರೂ ಸಾಕು, ನಾವು ಪಟ್ಟ ಪಾಡೆಲ್ಲ ಮಣ್ಣುಪಾಲು. ಒಡೆಯುವ ಮೊದಲೇ ಅವಳ ಒಂದೊಂದು ಗಿಡದ್ದನ್ನೂ ಕಿತ್ತುಬಿಟ್ಟರೆ ಭಯವಿಲ್ಲ, ಮಿಕ್ಕವುಗಳ ಪರಾಗ ತಗುಲಿ ಅವಳಿಗೂ ತೆನೆ ಕಟ್ಟುತ್ತದೆ. ಆದರೆ ಆ ವಾರ ಬೆಳಿಗ್ಗೆ ಬೆಳಿಗ್ಗೆ ಒಂದು ಗಿಡವನ್ನೂ ಬಿಡದೆ ನೋಡಬೇಕು. ನನಗೆ ಆಳು ಕೊಟ್ಟಿಲ್ಲ. ಮಿಕ್ಕ ಹತ್ತೊಂಬತ್ತು ಸಾಲಿನ ಕೆಲಸ ನನ್ನೊಬ್ಬಳ ತಲೆಯ ಮೇಲಿದೆ. ಯಾರನ್ನು ನಂಬಲಿ?

ನಿಮ್ಮ
ಚಿಕ್ಕವಳು


ಏಪ್ರಿಲ್ 21

ಮಗಳೇ,

ಹಾಕು. ನಾನು ಬರುತ್ತೇನೆ.

ಅಪ್ಪ


ಜುಲೈ 15

ಅಪ್ಪಾ,

ಸುಖವಾಗಿ ತಲುಪಿದಿರಾ? ಬೊಂಬೆಯನ್ನು ಮತ್ತೆ ಗಾಜಿನ ಹಿಂದೆ ನಿಲ್ಲಿಸಿದಿರಾ? ನೀವು ಹೋದ ಮೇಲೆ ನಾನೇ ಅಕ್ಕನ ಸಾಲಿನಲ್ಲಿ ಎರಡು ಸಲ ಹೋಗಿ ಬಂದೆ. ಒಂದು ಸೂಲಂಗಿಯೂ ಉಳಿದಿಲ್ಲ. ತಲೆ ಬೋಳಾಗಿ ನಿಂತಿದ್ದಾಳೆ, ಕೋಪ ಮಾಡಿಕೊಂಡ ಹಾಗೆ. ಕೆಳಗೆ ತೆನೆಗಳು ಕೂದಲು ಬಿಟ್ಟಿವೆ.

ನಾನು ಮುಟ್ಟಿದರೂ ನೀವು ಗದರುತ್ತಿದ್ದ ಬಟ್ಟೆ ಕತ್ತರಿಯನ್ನೇ ಚೀಲದಿಂದ ತೆಗೆದಿರಿ. "ಕತ್ತರಿಸಬಾರದು ಅಪ್ಪಾ, ಬುಡ ಉಳಿಯುತ್ತೆ, ಹಿಡಿದು ಎಳೀಬೇಕು" ಎಂದೆ. ನೀವು ಅದನ್ನು ಒಳಗಿಟ್ಟು, ಆಫೀಸಿನಿಂದ ಸ್ಟೂಲು ಹೊತ್ತು ತಂದಿರಿ. ಅದರ ಮೇಲೆ ಹತ್ತಿ, ಒಂದೊಂದು ಗಿಡಕ್ಕೂ "ಸ್ವಲ್ಪ ಬಗ್ಗಮ್ಮ" ಎನ್ನುತ್ತಿದ್ದದ್ದು ಎರಡು ಸಾಲು ಆಚೆಗಿದ್ದ ನನಗೆ ಕೇಳಿಸಿತು. ನಿಮಗೆ ಕೇಳದಿದ್ದರೆ ಯಾರಿಗೂ ಕೇಳುವುದಿಲ್ಲ ಎಂದುಕೊಳ್ಳುತ್ತೀರಿ.

ಗಡಿಯಾರ ಇನ್ನೂ ಆ ಮಾತನ್ನೇ ಹೇಳಿಕೊಂಡು ತಿರುಗುತ್ತಿದ್ದಾರೆ. ಹೊಲದಲ್ಲಿ ಸ್ಟೂಲಿನ ಮೇಲೆ ನಿಂತವರನ್ನು ನೋಡಿ "ನೀವು ಯಾರು?" ಎಂದು ಅವರು ಕೇಳಿದ್ದು, ನೀವು ಇಳಿಯದೆಯೇ "ಇವಳಮ್ಮನ ಗಂಡ. ಇಷ್ಟು ವರ್ಷ ನನ್ನ ಹೆಂಡ್ತೀನ ಇಲ್ಲಿ ಯಾರು ಇಟ್ಕೊಂಡಿದ್ರು ಅಂತ ನೋಡೋಕ್ ಬಂದೆ" ಎಂದದ್ದು. ಅವರು ನಗುವುದನ್ನು ಈ ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ. ನಿನ್ನೆ ಬಂದು ಹೊಲವನ್ನು ಸುತ್ತಿದರು, ಒಮ್ಮೆಯೂ ಕೈ ನೋಡಿಕೊಳ್ಳಲಿಲ್ಲ. "ಆ ಒಂದ್ ಸಾಲು ಬಿಟ್ರೆ ಒಂದ್ ತೂತೂ ಇಲ್ವಲ್ರೀ" ಎಂದರು. ಅಮ್ಮನ ಸಾಲುಗಳಿಂದ ಬೀಜ ತೆಗೆದು ಬೆಳೆಗಾರರಿಗೆ ಕೊಡಲು ಒಪ್ಪಿದ್ದಾರೆ. ಹೊಲ ನಮ್ಮ ಹತ್ತಿರವೇ ಉಳಿಯಿತು.

ಮಧ್ಯಾಹ್ನಗಳಲ್ಲಿ ನೀವು ಆಫೀಸಿನಲ್ಲಿದ್ದ ಅಮ್ಮನ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಿರಿ. ಅವಳ ವಿಷಯ ನಾವಿಬ್ಬರೂ ಆಡಲಿಲ್ಲ. ಆಡದಿದ್ದರೂ ನನಗೆ ಅವು ಒಳ್ಳೆಯ ದಿನಗಳು. ಇಲ್ಲಿ ಬಂದ ಮೇಲೆ ಇಷ್ಟು ನೆಮ್ಮದಿಯಾಗಿ ನಾನು ಇದ್ದದ್ದೇ ಇಲ್ಲ.

ಅಕ್ಕನ ತೆನೆಗಳು ಹಾಲು ತುಂಬಿದ ಕೂಡಲೇ ಚೀಲಕ್ಕೆ ಹಾಕಿ ಬಸ್ಸಿಗೆ ಕೊಡುತ್ತೇನೆ. ನಾನು ಒಂದನ್ನೂ ಇಟ್ಟುಕೊಳ್ಳುವುದಿಲ್ಲ. ನೀವೂ ಇಟ್ಟುಕೊಳ್ಳಬೇಡಿ ಅಪ್ಪಾ. ಎಲ್ಲ ತಿನ್ನುವುದಕ್ಕೆ.

ನಿಮ್ಮ
ಚಿಕ್ಕವಳು


ಆಗಸ್ಟ್ 6

ಮಗಳೇ,

ಚೀಲ ಬಂತು. ಬಸ್ಸಿನವನು "ಏನ್ ಸ್ವಾಮಿ, ಕಲ್ಲು ತರ್ಸಿದ್ದೀರಾ" ಅಂದ. ಅಷ್ಟು ಭಾರ. ಮನೆಯ ಯಾವ ಪಾತ್ರೆಯೂ ಸಾಲಲಿಲ್ಲ. ಕೊನೆಗೆ ಬಟ್ಟೆಗೆ ಗಂಜಿ ಹಾಕುವ ದೊಡ್ಡ ಹಂಡೆಯನ್ನು ಮೂರು ಸಲ ತೊಳೆದು, ಅಂಗಡಿಯ ಹಿಂದೆ ಒಲೆ ಹೂಡಿ ಬೇಯಿಸಿದೆ. ವಾಸನೆ ಬೀದಿಯ ತುದಿಗೆ ಹೋಯಿತು. ಔಷಧಿ ಅಂಗಡಿಯವನು ಕರೆಯುವ ಮೊದಲೇ ಉಪ್ಪು ಹಿಡಿದುಕೊಂಡು ಬಂದ. ಶಾಲೆಯ ಮೇಡಂ ಬಂದರು. ಅಳತೆ ಕೊಡಲು ಬಂದವರು, ಬಟ್ಟೆ ಒಯ್ಯಲು ಬಂದವರು, ದಾರಿಯಲ್ಲಿ ಹೋಗುವವರು, ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಮೂತಿಗೆಲ್ಲ ಅಂಟಿಸಿಕೊಂಡು ತಿಂದರು. ಔಷಧಿ ಅಂಗಡಿಯವನು ಮೂರನೆಯದನ್ನು ಮುಗಿಸಿ, "ಇಂಥದ್ದನ್ನ ಮನೇಲಿಟ್ಕೊಂಡು ಒಂದು ದಿನಾನೂ ನಮಗೆ ಕೊಟ್ಟಿಲ್ವಲ್ಲಯ್ಯಾ" ಅಂತ ಜಗಳಕ್ಕೇ ಬಂದ.

ನಾನೇನು ಹೇಳಲಿ? ನನಗೂ ಕೊಟ್ಟಿರಲಿಲ್ಲ. ನಿಮ್ಮಮ್ಮನ ಜೋಳವನ್ನು ನಾನು ಬಾಯಿಗೆ ಇಟ್ಟದ್ದು ಇದೇ ಮೊದಲು. ಪ್ರತಿ ಬೆಳೆಯಲ್ಲೂ ಒಂದು ತೆನೆ ಕೊಡೇ ಅಂತ ಕೇಳುತ್ತಿದ್ದೆ. "ಅಯ್ಯೋ, ಇದು ಬೀಜಕ್ಕೆ. ಮುಂದಿನ ವರ್ಷ ಹೆಚ್ಚಾಗಿ ಬರುತ್ತೆ, ಆಗ ಹೊಟ್ಟೆ ತುಂಬಾ ತಿನ್ನುವಿರಂತೆ" ಅನ್ನುತ್ತಿದ್ದಳು. ಪ್ರತಿ ವರ್ಷ ಅದೇ ಮಾತು. ಅವಳು ಮೋಸ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೊಡಬೇಕು ಅಂತಲೇ ಇತ್ತು. ಆ ಮುಂದಿನ ವರ್ಷ ಬರುವಷ್ಟರಲ್ಲಿ ಅವಳೇ ಇರಲಿಲ್ಲ.

ಚೆನ್ನಾಗಿದೆ ಕಣೇ. ತುಂಬಾ ಚೆನ್ನಾಗಿದೆ. ಇಷ್ಟು ವರ್ಷ ಅವಳು ಯಾತಕ್ಕೆ ಅಲ್ಲಿ ಬಿಸಿಲಿನಲ್ಲಿ ನಿಂತಿದ್ದಳು ಅಂತ ಮೊದಲ ತುತ್ತಿಗೇ ಗೊತ್ತಾಯಿತು.

ಒಂದನ್ನು ನಾನು ಬಚ್ಚಿಟ್ಟಿದ್ದೆ. ಚೀಲ ಬಿಚ್ಚಿದ ಕೂಡಲೇ ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿ, ಸಿಪ್ಪೆ ಹಿಂದಕ್ಕೆ ಮಡಚಿ, ಕನ್ನಡಿಯ ಹಿಂದಿನ ಮೊಳೆಗೆ ತೂಗುಹಾಕಿದೆ. ಒಣಗಲಿ, ಹಿತ್ತಲಲ್ಲಿ ನಾಲ್ಕು ಕಾಳು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅಂತ. ನೀನು ಬೇಡ ಅಂದದ್ದು ನೆನಪಿತ್ತು. ನೆನಪಿದ್ದೇ ತೂಗುಹಾಕಿದೆ.

ಎರಡು ದಿನ ಅದರ ಕೆಳಗೆ ಕೂತು ಹೊಲಿದೆ. ಬೆಳೆಸಿದರೆ ಅದರ ಮಕ್ಕಳಲ್ಲೋ ಮೊಮ್ಮಕ್ಕಳಲ್ಲೋ ಮತ್ತೆ ಬಿಳಿ ಹುಟ್ಟುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮತ್ತೆ ಮಲಗುತ್ತದೆ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ಅಲ್ಲದೆ ಅದನ್ನು ಒಣಗಿಸಿ ಇಟ್ಟರೆ ಅದೂ ಮುಂದಿನ ವರ್ಷಕ್ಕೇ ಆಯಿತಲ್ಲ.

ಇವತ್ತು ಮಧ್ಯಾಹ್ನ ಅಂಗಡಿಗೆ ಯಾರೂ ಬಾರದ ಹೊತ್ತು ನೋಡಿ ಅದನ್ನು ಇಳಿಸಿ ಬೇಯಿಸಿದೆ. ಕಾಳು ಸ್ವಲ್ಪ ಗಟ್ಟಿಯಾಗಿತ್ತು. ಅದನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಯಂತ್ರ ನಿಲ್ಲಿಸಿ, ಒಬ್ಬನೇ ಕೂತು, ನಿಧಾನವಾಗಿ, ಒಂದು ಕಾಳೂ ಬಿಡದೆ ತಿಂದೆ.

ನಿನ್ನ
ಅಪ್ಪ